ಇಪ್ಪತ್ತು ನಿಮಿಷ ಐವತ್ತು ಸೆಕೆಂಡು

ತಾಳಿಕೋಟಿ ಎಕ್ಸ್‌ಚೇಂಜಿಗೆ ಫೋನು ಹಚ್ಚಿ
ಖಾದಿರಸಾಬ ಘಡಿಯಾಳಿ ಬೈಯಲಿಲ್ಲ, ಲೆಕ್ಕ ಒಪ್ಪಿಸಿದ:
'ಸಾಹೇಬ್ರ, ನನ್ನ ಲೈನಿನಾಗ ಒಂದು ಟಿಕ್ ಅದ.
ಇಪ್ಪತ್ತು ನಿಮಿಷ ಐವತ್ತು ಸೆಕೆಂಡಿಗೊಮ್ಮೆ.
ಮೂರು ರಾತ್ರಿ ಅಳದೀನಿ.'

ಐವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು
ಸಾಸಿವಿಗಿಂತ ಸಣ್ಣ ತಿರುಪು ಬಿಗಿದ ಮನುಷ್ಯಾ.
ಮಿರಜದಾಗಿನ ತಂಗಿ ಜೋಡಿ ರಾತ್ರಿ ಮಾತಾಡುವಾಗ
ಒಂದು ಕಿವಿಯಾಗ ಅಕಿ ಸುದ್ದಿ,
ಅದೇ ಕಿವಿಯಾಗ ಟಿಕ್ಕಿನ ಕಾವಲು.

ಸಾವಿರದ ಇನ್ನೂರ ಐವತ್ತು ಸೆಕೆಂಡು.
ಲಾಗ್‌ಬುಕ್ಕಿನ ಹಿಂದಿನ ಹಾಳಿ ಮ್ಯಾಲ ಭಾಗಿಸಿ ನೋಡಿದೆ:
ಕೋಟಿಯಾಗ ಒಂದು ಪಾಲು.
ವಿಜಾಪುರದ ಗಡಿಯಾರಕ್ಕೂ
ನನ್ನ ಡಬ್ಬಿಯೊಳಗಿನ ಹರಳಿಗೂ ಇಷ್ಟs ಮನಸ್ತಾಪ.
ನನಗಿಂತ ಹಿಂದಿನವ ಯಾರೋ
ಅದನ್ನ ಅದರ ಸ್ವಂತ ಬಡಿತಕ್ಕ ಬಿಟ್ಟು ವರ್ಗ ಆಗಿ ಹೋಗಿದ್ದ.
ಕೂಡಿ ಕೂಡಿ ಒಂದು ಫ್ರೇಮಿನಷ್ಟಾದಾಗ
ಮಾತಿನ ಒಂದು ಚೂರು ಕಳಚಿ ಬೀಳತದ.

ಮೊದಲಿನ ತಂತಿ ಮಾತು ಒಯ್ಯತಿತ್ತು, ಬಡಿತಾನೂ ಒಯ್ಯತಿತ್ತು.
ಈಗ ಪೊಟ್ಟಣ ಕಟ್ಟಿ ಕಳಸತೀವಿ.
ಪೊಟ್ಟಣಕ್ಕ ಹೊತ್ತಿನ ಹಂಗಿಲ್ಲ.
ಒಂದು ಹಿಪ್ಪರಗಿ ಮ್ಯಾಲಿಂದ ಓಡಿ ಬರತದ,
ಅದರ ಬೆನ್ನಿಗೆ ಹುಟ್ಟಿದ್ದು
ಯಾರದೋ ಮದಿವಿ ವಿಡಿಯೋದ ಹಿಂದ ಸಾಲು ನಿಂತಿರತದ.

ಅಂದಾಜಿನ ಹಾದಿ ಹಿಡದು ನೋಡಿದೆ.
ಮಾಳಗಿ ಮ್ಯಾಲಿನ ಟಾಕಿ ಇದ್ದಂಗ ಅದು:
ನೀರು ಎಷ್ಟು ರಭಸಲೇ ಬರತದ ಯಾರಿಗೆ ಗೊತ್ತು,
ಮಟ್ಟ ನೋಡಿಕೊಂಡು ನಳ ತಿರುವೋದು.
ಏರಿದರ ಜೋರು ಬಿಡು, ಇಳದರ ಸಣ್ಣಗ ಮಾಡು.
ರಾತ್ರಿ ಚೊಲೋ ನಡೀತು.
ಹಗಲು ಊರೆಲ್ಲ ಮೊಬೈಲು ಹಿಡಕೊಂಡಾಗ
ಟಾಕಿ ಮಟ್ಟ ಸುಳ್ಳು ಹೇಳಾಕತ್ತಿತು.
ಖಾದಿರಸಾಬ ಅಂದ:
'ಟಿಕ್ಕಿಗೆ ಈಗ ಲೆಕ್ಕನs ಇಲ್ಲ.
ದಿನಾ ಒಂದs ಸಮ ತಪ್ಪೋ ಗಡಿಯಾರ ರಿಪೇರಿ ಆಗತದ, ಸಾಹೇಬ್ರ.
ಮನಸಿಗೆ ಬಂದಂಗ ತಪ್ಪೋದನ್ನ ನಾ ಗಿರಾಕಿಗೆ ಹೊಳ್ಳಿ ಕೊಡತಿದ್ದೆ.'

ಸಿಟ್ಟಿಗೆ, ಡಬ್ಬಿನ ಕೇಳುವ ಹಾದಿಗೆ ಹಾಕಿದೆ:
ಎಕ್ಸ್‌ಚೇಂಜು ಬಡದಂಗ ನೀ ಬಡಿ.
ಎಕ್ಸ್‌ಚೇಂಜಿಗೆ ಮೊದಲs ಹೇಳಿಟ್ಟಿತ್ತು:
ಡಬ್ಬಿ ಬಡದಂಗ ನೀ ಬಡಿ.
ಒಂದs ಕೋಣಿಯಾಗ, ನಾಕು ಮೊಳ ದೂರ ನಿಂತು
ಎರಡೂ ಒಂದರ ಮಾರಿ ಒಂದು ನೋಡಿಕೋತ
ಯಾರ ಹೊತ್ತೂ ಅಲ್ಲದ ಹೊತ್ತಿನಾಗ ತೇಲಿಹೋದವು.

ನಮ್ಮವ್ವ, ಹಿಂದಿನ ಮನಿ ಸಿದ್ದವ್ವ
ಒಂದು ಒರಳಿಗೆ ಎರಡು ಒನಕಿ ಹಾಕಿ ಖಾರ ಕುಟ್ಟತಿದ್ದರು.
ಮೊದಲನೇ 'ಹ್ಞೂಂ' ಯಾವತ್ತೂ ಸಿದ್ದವ್ವಂದು.
ಇಬ್ಬರೂ ಇನ್ನೊಬ್ಬಾಕಿಯ ಹ್ಞೂಂ ಕಾಯ್ದಿದ್ದರ
ನಾವು ಮೆಣಸಿನಕಾಯಿ ಹಂಗs ಕಡೀಬೇಕಿತ್ತು.

ವಿಜಾಪುರದಿಂದ ಶಕುಂತಲಾ ಹಡಪದ ಮೇಡಂ ನಕ್ಕರು.
'ಆಕಾಶಕ್ಕ ಕಿವಿ ಕೊಡ್ರಿ' ಅಂದರು.
'ನನ್ನ ತಲಿ ಮ್ಯಾಲಿನ ಉಪಗ್ರಹನs ನಿಮ್ಮ ತಲಿ ಮ್ಯಾಲೂ ಅದ.
ಇಬ್ಬರೂ ಅದನ್ನ ಕೇಳೂಣು.
ಆಮ್ಯಾಲ ನಾ ನಿಮಗ ಹೊತ್ತು ಕಳಸಂಗಿಲ್ಲ,
ಫರಕು ಅಷ್ಟs ಕಳಸತೀನಿ.'

ಮಾಳಗಿ ಏರಿ ಅಂಟೆನಾ ಕೂಡಿಸಿದೆ, ಟಾಕಿ ಪಕ್ಕಕ್ಕ.
ಪಾರಿವಾಳದ ಹಿಕ್ಕಿ ಕೆರೆಯೋದಕ್ಕs ಅರ್ಧ ದಿನ ಹೋತು.

ನಾಕನೇ ದಿನ ಖಾದಿರಸಾಬನ ಫೋನು.
'ಬರಲಿಲ್ಲ' ಅಂದ. 'ಎರಡು ತಾಸು ಕಾಯ್ದೆ.'
ಸ್ವಲ್ಪ ಹೊತ್ತು ಸುಮ್ಮನಿದ್ದ.
ಲೈನು ಎಷ್ಟು ಸ್ವಚ್ಛ ಇತ್ತಂದರ
ಅವನ ಗ್ವಾಡಿ ಗಡಿಯಾರ ನನಗ ಕೇಳತಿತ್ತು.
'ತಂಗಿ ಏನು ಹೇಳತಾಳ, ಈಗ ಕೇಳಬೇಕಾಗ್ಯದ ನೋಡ್ರಿ.'

ಫೋನಿಟ್ಟು ಕೈ ನೋಡಿಕೊಂಡೆ.
ನನ್ನ ಗಡಿಯಾರ ಐದು ನಿಮಿಷ ಮುಂದ ಅದ,
ಮುದ್ದೇಬಿಹಾಳದ ಕಡೀ ಬಸ್ಸಿಗಂತ ನಾನs ಇಟ್ಟದ್ದು.
ಅದನ್ನ ಯಾವುದಕ್ಕೂ ಕೂಡಿಸಿಲ್ಲ.